ಸಂಕೇತಸ್ಥಾನವೂ ಅದರ ಅಪಾಯಗಳೂ

ಅಲಂಕಾರಶಾಸ್ತ್ರವನ್ನು ಓದಿದವರಿಗೆ 'ಸಂಕೇತ'ವೆಂಬ ಪದವು ಹೊಸದಲ್ಲ. ಪ್ರಣಯಿಗಳು ಮೊದಲೇ ಮಾತಾಡಿಕೊಂಡು ಸೇರುವ ತಾವಿಗೆ ಲಾಕ್ಷಣಿಕರು ಸಂಕೇತಸ್ಥಾನವೆಂದು ಹೆಸರಿಟ್ಟರು. ಅಲ್ಲಿಗೆ ಹೊರಡುವವಳನ್ನು ಅಭಿಸಾರಿಕೆಯೆಂದರು. ಅಲ್ಲಿಗೆ ಬಂದು ನಾಯಕನನ್ನು ಕಾಣದೆ ವಂಚಿತಳಾದವಳನ್ನು ವಿಪ್ರಲಬ್ಧೆಯೆಂದರು. ದಾರಿಯ ಕತ್ತಲೆ, ಮಳೆ, ಹಾವು, ಊರವರ ಕಣ್ಣು, ಇವೆಲ್ಲವನ್ನೂ ಕವಿಗಳು ಮನದಣಿಯೆ ವರ್ಣಿಸಿದ್ದಾರೆ. ಆದರೆ ಸಂಕೇತಸ್ಥಾನದಲ್ಲಿ ನಾಯಕನಿಗೆ ಬದಲಾಗಿ ಆತನ ವೇಷದಲ್ಲಿ ರಾಜಭಟನೋ ದರೋಡೆಗಾರನೋ ಕುಳಿತಿರುವ ಪ್ರಸಂಗವು ಕಾವ್ಯಕ್ಕಿಂತ ಹೆಚ್ಚಾಗಿ ಚರಿತ್ರೆಗೆ ಸೇರಿದ್ದು. ಪುರುಷನು ಪುರುಷನನ್ನೂ ಸ್ತ್ರೀಯು ಸ್ತ್ರೀಯನ್ನೂ ಒಲಿದಲ್ಲಿ, ಹುಟ್ಟಿನ ಲಿಂಗವನ್ನು ಒಪ್ಪದೆ ಬೇರೊಂದು ರೀತಿಯಲ್ಲಿ ಬಾಳುವವರ ವಿಷಯದಲ್ಲಿ, ಆ ಪ್ರಸಂಗವು ದೇಶದೇಶಗಳಲ್ಲಿ ಮರಳಿ ಮರಳಿ ನಡೆದಿದೆ. ಇಂದು ಸಂಕೇತಸ್ಥಾನವು ಮೊಬೈಲಿನೊಳಗೆ ಬಂದು ಕುಳಿತಿರುವುದರಿಂದ ಆ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದಲೇ ನೋಡುವುದು ಯುಕ್ತವಾಗಿದೆ.

ವಾತ್ಸ್ಯಾಯನನು ಕಾಮಸೂತ್ರದಲ್ಲಿ ತೃತೀಯಾಪ್ರಕೃತಿಯವರ ವಿಷಯವನ್ನು ಸಂಕೋಚವಿಲ್ಲದೆ ಹೇಳಿದ್ದಾನೆ. ಅದೇ ಗ್ರಂಥದ ಬೇರೊಂದು ಅಧಿಕರಣದಲ್ಲಿ ದೂತಿಯರ ಭೇದಗಳನ್ನು ಎಣಿಸುವಾಗ 'ಪತ್ರಹಾರೀ' ಎಂಬೊಬ್ಬಳು ಬರುತ್ತಾಳೆ. ತನ್ನದಾಗಿ ಏನನ್ನೂ ಹೇಳದೆ, ಒಬ್ಬರ ಸಂದೇಶವನ್ನು ಇನ್ನೊಬ್ಬರಿಗೆ ಮುಟ್ಟಿಸುವುದಷ್ಟೇ ಅವಳ ಕೆಲಸ. ಇಂದಿನ ಡೇಟಿಂಗ್ ಆ್ಯಪ್ ಎಂಬುದು ಒಂದು ವಿಧದ ಪತ್ರಹಾರಿಯೇ. ಆದರೆ ಈ ದೂತಿಯು ಸಂದೇಶದ ಜೊತೆಗೆ ಕಳುಹಿಸಿದವನ ಮನೆಯ ಜಾಡನ್ನೂ ಹೊತ್ತು ತಿರುಗುತ್ತಾಳೆ. ಕೇಳಿದವರಿಗೆ, ಒಮ್ಮೊಮ್ಮೆ ಕೇಳದವರಿಗೂ, ಅದನ್ನು ಒಪ್ಪಿಸುತ್ತಾಳೆ. ಆ ವಿಚಾರ ಮುಂದೆ ಬರುವುದು.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಬೆಳಕಿಗೆ ತಂದುದು ಕನ್ನಡಿಗರೆಲ್ಲರಿಗೂ ತಿಳಿದ ಸಂಗತಿ. ಅದರಲ್ಲಿ ಪುರುಷರೊಳಗಿನ ಸಮಾಗಮಕ್ಕೆ ವಿಧಿಸಿರುವುದು ಪೂರ್ವಸಾಹಸದಂಡ, ಎಂದರೆ ದಂಡಗಳ ಪೈಕಿ ಕೆಳಗಿನ ಮೆಟ್ಟಿಲಿನದು. ಪ್ರಕೃತಕ್ಕೆ ಅದಕ್ಕಿಂತ ಮುಖ್ಯವಾದುದು ಅಮಾತ್ಯರ ಶೌಚವನ್ನು ಪರೀಕ್ಷಿಸುವ 'ಉಪಧಾ' ಪ್ರಕರಣ. ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಆಮಿಷಗಳನ್ನು ಗೂಢವಾಗಿ ಒಡ್ಡಿ ಮನುಷ್ಯನನ್ನು ಪರೀಕ್ಷಿಸುವ ಕ್ರಮವಿದು. ಅಂಥ ಚಾಣಕ್ಯನೇ ಅಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸುತ್ತಾನೆ: ಕೆಡದಿರುವವನನ್ನು ಪರೀಕ್ಷೆಯ ನೆವದಿಂದ ಕೆಡಿಸಬಾರದು, ಅದು ನೀರಿಗೆ ವಿಷ ಬೆರೆಸಿದಂತೆ, ಕೆಟ್ಟವನಿಗೆ ಬಳಿಕ ಮದ್ದು ದೊರೆಯದೆ ಹೋಗಬಹುದು ಎಂದು. ಕಾಮೋಪಧೆಯನ್ನು ಪ್ರಜೆಗಳ ಮೇಲೆ ಪ್ರಯೋಗಿಸಿದ ಆಧುನಿಕ ಸರ್ಕಾರಗಳಿಗೆ ಇಷ್ಟು ವಿವೇಕವೂ ಇರಲಿಲ್ಲವೆಂಬುದು ಮುಂದಿನ ಕಥೆಯಿಂದ ವಿದಿತವಾಗುವುದು.

ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, ೧೫೩೩ರಲ್ಲಿ, ಈ ಕೃತ್ಯಕ್ಕೆ ಮರಣದಂಡನೆಯೆಂದು ಶಾಸನವಾಯಿತು. ೧೮೩೫ರವರೆಗೂ ಜನರನ್ನು ಇದಕ್ಕಾಗಿ ನೇಣಿಗೇರಿಸಿದರು; ಮರಣದಂಡನೆ ರದ್ದಾದುದು ೧೮೬೧ರಲ್ಲಿ. ಇಷ್ಟು ಘೋರವಾದ ಶಿಕ್ಷೆಯಿದ್ದೆಡೆಯಲ್ಲಿ 'ನಿನ್ನ ಮೇಲೆ ಈ ದೂರು ಕೊಡುವೆನು' ಎಂಬ ಮಾತೇ ಆಯುಧವಾಗುವುದರಲ್ಲಿ ಆಶ್ಚರ್ಯವಿಲ್ಲ. ೧೭೭೯ರಲ್ಲಿ ಡೊನಲ್ಲಿ ಎಂಬಾತನು ಲಂಡನ್ನಿನಲ್ಲಿ ಕುಲೀನನಾದ ಒಬ್ಬ ಯುವಕನನ್ನು ಹೀಗೆ ಬೆದರಿಸಿ ಹಣ ಕಿತ್ತ ಮೊಕದ್ದಮೆಯಲ್ಲಿ, ಕತ್ತಿ ಕಠಾರಿಗಳನ್ನು ತೋರಿಸದಿದ್ದರೂ ಇದು ದರೋಡೆಯೇ ಸರಿ ಎಂದು ನ್ಯಾಯಾಧೀಶರು ತೀರ್ಮಾನಿಸಿದರು. ಮಾನ ಹೋಗುವ ಭಯವು ಪ್ರಾಣ ಹೋಗುವ ಭಯಕ್ಕೆ ಸಮವೆಂದು ಆ ನ್ಯಾಯಸ್ಥಾನವು ಒಪ್ಪಿಕೊಂಡಂತಾಯಿತು. ಭಯದ ಬೇರು ತಮ್ಮದೇ ಕಾನೂನಿನಲ್ಲಿದೆಯೆಂಬುದನ್ನು ಮಾತ್ರ ಅದು ಹೇಳಲಿಲ್ಲ.

ಈ ವಿರೋಧಾಭಾಸವು ಹಡಗನ್ನೇರಿ ಹಿಂದೂದೇಶಕ್ಕೂ ಬಂದಿತು. ಮೆಕಾಲೆಯು ೧೮೩೭ರಲ್ಲಿ ಕರಡು ಮಾಡಿ, ೧೮೬೦ರಲ್ಲಿ ಅಂಗೀಕೃತವಾಗಿ, ೧೮೬೨ರ ಜನವರಿ ೧ರಿಂದ ಜಾರಿಗೆ ಬಂದ ದಂಡಸಂಹಿತೆಯ ೩೭೭ನೆಯ ಕಲಮನ್ನು ಎಲ್ಲರೂ ಬಲ್ಲರು. ಅದರ ಪ್ರಕಾರ ಜೀವಾವಧಿಯವರೆಗೆ ಶಿಕ್ಷೆ ವಿಧಿಸಬಹುದಾಗಿತ್ತು. ಅದಕ್ಕೆ ಕೂಡಿಕೊಂಡಿದ್ದ ೩೮೮ ಮತ್ತು ೩೮೯ನೆಯ ಕಲಮುಗಳನ್ನು ಓದಿದವರು ಕಡಮೆ. ಘೋರಾಪರಾಧವನ್ನು ಹೊರಿಸುವೆನೆಂದು ಬೆದರಿಸಿ ಹಣ ಕೀಳುವವನಿಗೆ ಅವು ಹತ್ತು ವರ್ಷದವರೆಗೆ ಕಾರಾವಾಸವನ್ನು ವಿಧಿಸುತ್ತಿದ್ದವು. ಹೊರಿಸುವ ಅಪರಾಧವು ೩೭೭ನೆಯ ಕಲಮಿನದಾದರೆ ಮಾತ್ರ ಜೀವಾವಧಿಯವರೆಗೂ ಶಿಕ್ಷಿಸಬಹುದೆಂದು ಪ್ರತ್ಯೇಕವಾಗಿ ಬರೆದಿತ್ತು. ಆ ಕಲಮು ಸುಲಿಗೆಗಾರರ ಕೈಗೆ ಸಿಕ್ಕುವುದೆಂದು ಅದನ್ನು ಬರೆದವರೇ ಬಲ್ಲವರಾಗಿದ್ದರು ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ. ಒಂದು ಕೈಯಿಂದ ಹೊಂಡವನ್ನು ತೋಡಿ, ಅದರೊಳಗೆ ಇನ್ನೊಬ್ಬನನ್ನು ತಳ್ಳುವವನಿಗೆ ಕಠಿಣಶಿಕ್ಷೆಯೆಂದು ಪಕ್ಕದಲ್ಲಿ ಹಲಗೆ ನೆಟ್ಟಂತೆ ಇದು. ತಳ್ಳಲ್ಪಟ್ಟವನು ದೂರು ಕೊಡಬೇಕಾದರೆ ಮೊದಲು ತಾನು ಹೊಂಡದ ಅಂಚಿಗೆ ಏಕೆ ಬಂದೆನೆಂಬುದನ್ನು ಹೇಳಬೇಕಾಗಿತ್ತು. ಆದ್ದರಿಂದ ಹಲಗೆಯು ಹಲಗೆಯಾಗಿಯೇ ಉಳಿಯಿತು.

೧೮೮೫ರಲ್ಲಿ ಲಬೂಷೇರ್ ಎಂಬ ಸದಸ್ಯನ ಸೂಚನೆಯಂತೆ ಬ್ರಿಟಿಷ್ ಪಾರ್ಲಿಮೆಂಟು ಪುರುಷರೊಳಗಿನ ಯಾವ 'ಅಸಭ್ಯ' ನಡತೆಯನ್ನಾದರೂ, ಅದು ಏಕಾಂತದಲ್ಲಿ ನಡೆದಿದ್ದರೂ, ಅಪರಾಧವೆಂದು ಮಾಡಿತು. ಬೆದರಿಸಿ ಹಣ ಕೀಳುವವರಿಗೆ ಕೊಟ್ಟ ಸನ್ನದು ಎಂದೇ ಆ ಶಾಸನಕ್ಕೆ ಅಡ್ಡಹೆಸರಾಯಿತು. ಪ್ರಸಿದ್ಧ ನಾಟಕಕಾರನಾದ ಆಸ್ಕರ್ ವೈಲ್ಡನು ತನ್ನ ಗೆಳೆಯನಿಗೆ ಬರೆದ ಕಾಗದವೊಂದು ದುರ್ಜನರ ಕೈಸೇರಿ, ಅದಕ್ಕಾಗಿ ಅವರು ಆತನಿಂದ ಹಣ ಕೇಳಿದ್ದರು. ೧೮೯೫ರಲ್ಲಿ ಅದೇ ಕಾಗದವನ್ನು ನ್ಯಾಯಾಲಯದಲ್ಲಿ ಓದಿದರು. ಆ ವರ್ಷ ಮೇ ೨೫ರಂದು ಆತನಿಗೆ ಎರಡು ವರ್ಷಗಳ ಕಠಿಣಶಿಕ್ಷೆಯಾಯಿತು. ಬರಹದಲ್ಲಿ ಕೊಟ್ಟುದು ಹಿಂದಿರುಗದು ಎಂಬ ಪಾಠವನ್ನು ಇಂದಿನ ಯುವಕರು ಮೊಬೈಲಿನ ಚಿತ್ರಗಳ ವಿಷಯದಲ್ಲಿ ಹೊಸದಾಗಿ ಕಲಿಯುತ್ತಿದ್ದಾರೆ.

ಜರ್ಮನಿಯ ಸಂಗತಿ ಇನ್ನೊಂದು ಬಗೆಯದು. ಅಲ್ಲಿ ೧೮೭೧ರ ಸಾಮ್ರಾಜ್ಯಸಂಹಿತೆಯ ೧೭೫ನೆಯ ಕಲಮು ಇಂಥದೇ. ಆದರೂ ಬರ್ಲಿನ್ನಿನ ಪೊಲೀಸರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಲಿಂಗಾನುರಾಗಿಗಳ ಮೇಲಣ ನಿಗಾ ಹಾಗೂ ಅವರನ್ನು ಸುಲಿಯುವವರ ಪತ್ತೆ, ಈ ಎರಡನ್ನೂ ಒಂದೇ ಶಾಖೆಗೆ ವಹಿಸಿದ್ದರು. ಸುಲಿಗೆಗೆ ಒಳಗಾದವನು ಅಲ್ಲಿಗೆ ಹೋಗಿ ಹೇಳಿಕೊಳ್ಳಲು ಅವಕಾಶವಿತ್ತು. ಡಾಕ್ಟರ್ ಮಾಗ್ನಸ್ ಹಿರ್ಷ್‌ಫೆಲ್ಡನು ೧೮೯೭ರಲ್ಲಿ ಕಲಮಿನ ರದ್ದತಿಗಾಗಿ ಒಂದು ಸಮಿತಿಯನ್ನು ಕಟ್ಟಿದನು. ೧೯೧೯ರಲ್ಲಿ ಆತನ ಸಹಕಾರದಿಂದ ಅಲ್ಲಿ ಒಂದು ಮೂಕಿ ಚಿತ್ರ ತಯಾರಾಯಿತು. ಪಿಟೀಲುವಾದಕನೊಬ್ಬನು ಸುಲಿಗೆಗಾರನ ಕಾಟದಿಂದ ಕೆಟ್ಟು ಪ್ರಾಣ ಕಳೆದುಕೊಳ್ಳುವುದೇ ಅದರ ಕಥೆ. ಆದರೆ ಪೊಲೀಸರು ಇಟ್ಟುಕೊಂಡಿದ್ದ ಹೆಸರುಗಳ ಪಟ್ಟಿಗಳು ಕಡತಗಳಲ್ಲೇ ಉಳಿದಿದ್ದವು. ೧೯೩೩ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಮೇ ೬ರಂದು ಹಿರ್ಷ್‌ಫೆಲ್ಡನ ಸಂಸ್ಥೆ ಲೂಟಿಯಾಯಿತು. ಮೇ ೧೦ರಂದು ಅದರ ಪುಸ್ತಕಗಳು ಬೀದಿಯಲ್ಲಿ ಉರಿದವು. ೧೯೩೫ರಲ್ಲಿ ಕಲಮನ್ನು ಮತ್ತಷ್ಟು ಬಿಗಿಗೊಳಿಸಿದರು. ಹಳೆಯ ಪಟ್ಟಿಗಳು ಹೊಸ ಯಜಮಾನರಿಗೆ ಸಿದ್ಧಾನ್ನವಾಗಿ ಒದಗಿದವು. ಆ ಆಳ್ವಿಕೆಯಲ್ಲಿ ಸುಮಾರು ೫೦,೦೦೦ ಮಂದಿಗೆ ಶಿಕ್ಷೆಯಾಯಿತು. ಸಾವಿರಾರು ಜನರು ಬಂದಿಶಿಬಿರಗಳಿಗೆ ಹೋದರು. ಪಟ್ಟಿಯನ್ನು ಬರೆದವನ ಉದ್ದೇಶವು ಪಟ್ಟಿಯೊಡನೆ ಹೋಗುವುದಿಲ್ಲ.

ಈ ನಡುವೆ ಜನರು ಒಬ್ಬರನ್ನೊಬ್ಬರು ಹುಡುಕುವುದನ್ನು ಬಿಟ್ಟರೆ? ಬಿಡಲಿಲ್ಲ. ಇಂಗ್ಲೆಂಡಿನಲ್ಲಿ ಆಲ್ಫ್ರೆಡ್ ಬ್ಯಾರೆಟ್ ಎಂಬಾತನು ೧೯೧೫ರಲ್ಲಿ ಏಕಾಂಗಿಗಳಿಗಾಗಿ ಒಂದು ಮಾಸಪತ್ರಿಕೆಯನ್ನು ತೆಗೆದು, ಅದಕ್ಕೆ 'ದಿ ಲಿಂಕ್' ಎಂದು ಹೆಸರಿಟ್ಟನು. ಸ್ನೇಹವನ್ನು ಅಪೇಕ್ಷಿಸುವ ಸ್ತ್ರೀಪುರುಷರ ಸಣ್ಣ ಜಾಹೀರಾತುಗಳು ಅದರಲ್ಲಿ ಬರುತ್ತಿದ್ದವು. ಪುರುಷರನ್ನು ಹುಡುಕುವ ಪುರುಷರ ಜಾಹೀರಾತುಗಳೂ ಬಲ್ಲವರಿಗೆ ಮಾತ್ರ ತಿಳಿಯುವ ಮಾತುಗಳಲ್ಲಿ ಅಡಗಿರುತ್ತಿದ್ದವು. ೧೯೨೧ರಲ್ಲಿ ಕೆಲವು ಕಾಗದಗಳು ಪೊಲೀಸರಿಗೆ ಸಿಕ್ಕಿ, ಬ್ಯಾರೆಟ್ಟನಿಗೂ ಆ ಪತ್ರಿಕೆಯ ಮೂಲಕ ಪರಸ್ಪರ ಬರೆದುಕೊಂಡವರಿಗೂ ತಲಾ ಎರಡು ವರ್ಷಗಳ ಕಠಿಣಶಿಕ್ಷೆಯಾಯಿತು. ವುಲ್ಫೆಂಡನ್ ಸಮಿತಿಯ ೧೯೫೭ರ ವರದಿಯ ಫಲವಾಗಿ ೧೯೬೭ರಲ್ಲಿ ಏಕಾಂತದ ಸಮಾಗಮವು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಅಪರಾಧವಲ್ಲವೆಂದಾಯಿತು. ಆದರೂ ೧೯೭೨ರಲ್ಲಿ ಲಂಡನ್ನಿನ ಪತ್ರಿಕೆಯೊಂದನ್ನು ಇಂಥ ಜಾಹೀರಾತುಗಳನ್ನು ಅಚ್ಚು ಹಾಕಿದ್ದಕ್ಕಾಗಿ ಶಿಕ್ಷಿಸಿದುದು ಸರಿಯೆಂದೇ ಅಲ್ಲಿಯ ಪರಮೋಚ್ಚ ನ್ಯಾಯಪೀಠವು ಹೇಳಿತು. ಸೇರುವುದು ತಪ್ಪಲ್ಲ, ಸೇರಲು ವಿಳಾಸ ಕೊಡುವುದು ತಪ್ಪು! ನ್ಯಾಯಶಾಸ್ತ್ರದ ಇಂಥ ಚಮತ್ಕಾರಗಳನ್ನು ಕಂಡರೆ ತರ್ಕಪಂಡಿತರು ತಲೆದೂಗಿಯಾರು.

ಭಾರತದಲ್ಲಿ ಅಶೋಕ ರಾವ್ ಕವಿಯವರು ೧೯೯೦ರಲ್ಲಿ 'ಬಾಂಬೆ ದೋಸ್ತ್' ಪತ್ರಿಕೆಯನ್ನು ಹೊರಡಿಸಿದರು. ಬೆಂಗಳೂರಿನಲ್ಲಿ ೧೯೯೪ರಲ್ಲಿ 'ಗುಡ್ ಆ್ಯಸ್ ಯೂ' ಎಂಬ ಕೂಟವು ಹುಟ್ಟಿತು. ಇವುಗಳ ಹೊರಗೆ ಹೆಚ್ಚಿನ ಜನರಿಗೆ ಉದ್ಯಾನವೂ ಬಸ್ಸು ನಿಲ್ದಾಣವೂ ಗತಿಯಾಗಿದ್ದವು. ಅಲ್ಲಿಯ ಸ್ಥಿತಿಯನ್ನು ಪಿ.ಯು.ಸಿ.ಎಲ್. ಸಂಸ್ಥೆಯ ಕರ್ನಾಟಕ ಶಾಖೆಯು ಬೆಂಗಳೂರಿನಲ್ಲಿ ವಿಚಾರಣೆ ನಡೆಸಿ ೨೦೦೧ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೋಡಬಹುದು: ರಕ್ಷಿಸಬೇಕಾದ ಪೊಲೀಸಿನವನೇ ೩೭೭ನೆಯ ಕಲಮಿನ ಹೆಸರು ಹೇಳಿ ಜೇಬಿಗೆ ಕೈ ಹಾಕುತ್ತಿದ್ದನು. ಅದೇ ವರ್ಷ ಜುಲೈಯಲ್ಲಿ ಲಕ್ನೋ ನಗರದಲ್ಲಿ, ಏಡ್ಸ್ ರೋಗದ ತಡೆಗೆ ತಿಳಿವಳಿಕೆ ಕೊಡುತ್ತಿದ್ದ ಕಾರ್ಯಕರ್ತರನ್ನೇ ಹಿಡಿದು ತಿಂಗಳಿಗೂ ಮೀರಿ ಸೆರೆಯಲ್ಲಿಟ್ಟರು. ೨೦೦೬ರ ಜನವರಿಯಲ್ಲಿ ಅದೇ ಲಕ್ನೋದಲ್ಲಿ ನಾಲ್ವರ ಬಂಧನವಾಯಿತು. ಉದ್ಯಾನದಲ್ಲಿ ಅಪರಾಧ ಮಾಡುತ್ತಿದ್ದಾಗ ಹಿಡಿದೆವೆಂದು ಪೊಲೀಸರ ಹೇಳಿಕೆ. ಮಾನವಹಕ್ಕುಗಳ ಸಂಘಟನೆಗಳು ವಿಚಾರಿಸಿ ಹೇಳಿದ್ದೇ ಬೇರೆ: ಪೊಲೀಸರು ಅಂತರ್ಜಾಲದ ಪರಿಚಯತಾಣದಲ್ಲಿ ಸುಳ್ಳು ವೇಷದಿಂದ ಒಬ್ಬನನ್ನು ಬರಮಾಡಿಕೊಂಡು, ಅವನ ಕೈಯಿಂದಲೇ ಉಳಿದವರಿಗೆ ಫೋನು ಮಾಡಿಸಿ ಕರೆಸಿದರೆಂದು. ಕಾಮೋಪಧೆಯು ವಿದ್ಯುದ್ರೂಪವನ್ನು ತಾಳಿ ಭಾರತಕ್ಕೆ ಬಂದುದು ಹೀಗೆ. ಇದರಿಂದ ಒಂದು ಮಾತೂ ಸಿದ್ಧವಾಗುತ್ತದೆ: ಗೆಳೆಯನ ನಂಬರಿನಿಂದ ಕರೆ ಬಂದಿತೆಂದ ಮಾತ್ರಕ್ಕೆ ಕರೆಯುತ್ತಿರುವವನು ಗೆಳೆಯನೇ ಎಂದು ಹೇಳುವಂತಿಲ್ಲ.

೨೦೦೯ರ ಮಾರ್ಚಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಜೋಯಲ್ ಸಿಮ್ಖಾಯ್ ಎಂಬಾತನು 'ಗ್ರೈಂಡರ್' ಎಂಬ ಆ್ಯಪನ್ನು ಹೊರತಂದನು. ಮನೆಗಳಲ್ಲಿ ಹಿಟ್ಟು ರುಬ್ಬುವ ಯಂತ್ರಕ್ಕೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ಹಿಂದಿನ ಜಾಹೀರಾತುಗಳಿಗೂ ಇದಕ್ಕೂ ಒಂದು ಮುಖ್ಯ ಭೇದವುಂಟು. ಅಲ್ಲಿ ವಿಳಾಸವು ಅಡಗಿರುತ್ತಿತ್ತು; ಇಲ್ಲಿ ಸುತ್ತಲಿರುವವರನ್ನು ಹತ್ತಿರದವರಿಂದ ದೂರದವರವರೆಗೆ ಸಾಲಾಗಿ ತೋರಿಸಿ, ಪ್ರತಿಯೊಬ್ಬನೂ ಎಷ್ಟು ದೂರದಲ್ಲಿದ್ದಾನೆಂಬುದನ್ನು ಹೇಳುತ್ತದೆ. ದೂರವನ್ನು ಹೇಳಿದರೆ ಏನಾಯಿತು, ಮನೆಯ ವಿಳಾಸವನ್ನು ಹೇಳಲಿಲ್ಲವಲ್ಲ ಎನ್ನಬಹುದು. ಹೈಸ್ಕೂಲಿನ ರೇಖಾಗಣಿತ ಕಲಿತವರಿಗೆ ಇದರ ಗುಟ್ಟು ತಿಳಿಯುವುದು ಕಷ್ಟವಲ್ಲ. ಊರಿನ ನಕ್ಷೆಯ ಮೇಲೆ ಒಂದು ಸ್ಥಳದಲ್ಲಿ ನಿಂತು, ಇಂಥವನು ೮೦೦ ಮೀಟರು ದೂರದಲ್ಲಿದ್ದಾನೆಂದು ತಿಳಿದರೆ, ಕೈವಾರದಿಂದ ಅಷ್ಟು ತ್ರಿಜ್ಯದ ಒಂದು ವೃತ್ತವನ್ನು ಎಳೆಯಬಹುದು. ಆತನು ಆ ವೃತ್ತದ ಮೇಲೆಲ್ಲೋ ಇರಬೇಕು. ಇನ್ನೊಂದು ಸ್ಥಳದಿಂದ ಅಳೆದು ಎರಡನೆಯ ವೃತ್ತವನ್ನು ಎಳೆದರೆ ಎರಡು ವೃತ್ತಗಳೂ ಎರಡೇ ಬಿಂದುಗಳಲ್ಲಿ ಛೇದಿಸುವುವು. ಮೂರನೆಯ ವೃತ್ತವನ್ನು ಎಳೆದ ಕೂಡಲೇ ಉಳಿಯುವುದು ಒಂದೇ ಬಿಂದು. ಅದೇ ಆತನಿರುವ ಮನೆ. ಇದಕ್ಕಾಗಿ ಅಳೆಯುವವನು ಊರು ಸುತ್ತಬೇಕಾಗಿಯೂ ಇಲ್ಲ. ಮನೆಯಲ್ಲಿ ಕುಳಿತು ತಾನಿರುವ ಸ್ಥಳವನ್ನು ಮೂರು ಸಲ ಸುಳ್ಳು ಹೇಳಿದರೆ ಸಾಕು, ಯಂತ್ರವು ನಂಬುತ್ತದೆ. ೨೦೧೪ರಲ್ಲಿ ಸಂಶೋಧಕರು ಇದನ್ನು ಬಯಲಿಗೆಳೆದ ಮೇಲೆ, ಈಜಿಪ್ಟ್, ರಷ್ಯಾ ಮೊದಲಾದ ಅಪಾಯದ ದೇಶಗಳಲ್ಲಿ ದೂರವನ್ನು ತೋರಿಸುವುದನ್ನು ಆ ಕಂಪೆನಿಯು ನಿಲ್ಲಿಸಿತು. ೨೦೧೬ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದವರು, ದೂರವನ್ನು ಮರೆಮಾಡಿದರೂ ಯಾರ ಹಿಂದೆ ಯಾರು ಎಂಬ ಸಾಲಿನ ಕ್ರಮದಿಂದಲೇ ಸ್ಥಳವನ್ನು ಕಂಡುಹಿಡಿಯಬಹುದೆಂದು ತೋರಿಸಿಕೊಟ್ಟರು.

ಈಜಿಪ್ಟಿನ ಹೆಸರು ಬಂದುದು ಆಕಸ್ಮಿಕವಲ್ಲ. ಆ ದೇಶದಲ್ಲಿ ಈ ಅನುರಾಗವನ್ನು ನೇರವಾಗಿ ಹೆಸರಿಸುವ ಕಾನೂನಿಲ್ಲ. ವೇಶ್ಯಾವೃತ್ತಿಯ ನಿಗ್ರಹಕ್ಕೆಂದು ಮಾಡಿದ ೧೯೬೧ರ ೧೦ನೆಯ ಶಾಸನದಲ್ಲಿಯ 'ಫುಜೂರ್', ಎಂದರೆ ದುರಾಚಾರ, ಎಂಬ ಶಬ್ದವನ್ನು ಇದಕ್ಕೆ ಹಚ್ಚುತ್ತಾರೆ. ೨೦೦೧ರ ಮೇ ೧೧ರಂದು ಕೈರೋ ನಗರದಲ್ಲಿ ನೈಲ್ ನದಿಯ ಮೇಲಣ 'ಕ್ವೀನ್ ಬೋಟ್' ಎಂಬ ವಿಹಾರನೌಕೆಗೆ ಪೊಲೀಸರು ನುಗ್ಗಿದರು. ೫೨ ಮಂದಿಯ ಮೇಲೆ ಮೊಕದ್ದಮೆ ನಡೆದು, ಮೊದಲ ತೀರ್ಪಿನಲ್ಲಿ ೨೩ ಮಂದಿಗೆ ಒಂದರಿಂದ ಐದು ವರ್ಷಗಳವರೆಗೆ ಶಿಕ್ಷೆಯಾಯಿತು. ಆ ಕಾಲದಿಂದಲೇ ಅಂತರ್ಜಾಲದ ಪರಿಚಯತಾಣಗಳಲ್ಲಿ ಪೊಲೀಸರು ಪ್ರೇಮಿಗಳ ವೇಷದಲ್ಲಿ ಬರೆಯತೊಡಗಿದರು. ೨೦೧೭ರ ಸೆಪ್ಟೆಂಬರಿನಲ್ಲಿ ಕೈರೋದ ಸಂಗೀತಸಭೆಯೊಂದರಲ್ಲಿ ಕೆಲವರು ಕಾಮನಬಿಲ್ಲಿನ ಬಾವುಟವನ್ನು ಎತ್ತಿದ ಮೇಲಂತೂ ಹತ್ತಾರು ಮಂದಿಯ ಬಂಧನವಾಯಿತು. ಅಲ್ಲಿ ಬಂಧಿತನ ಮೊಬೈಲೇ ಅವನ ಮೇಲಣ ಸಾಕ್ಷಿ: ಮಾತುಕತೆಯ ಪ್ರತಿ, ಒಂದೆರಡು ಚಿತ್ರ, ಅಷ್ಟೆ ಏಕೆ, ಆ್ಯಪಿನ ಗುರುತಿನ ಚಿಹ್ನೆಯು ತೆರೆಯ ಮೇಲೆ ಕಂಡರೂ ಸಂಶಯಕ್ಕೆ ಸಾಕು. ಇದನ್ನು ಕಂಡ ಮಾನವಹಕ್ಕುಗಳ ಸಂಸ್ಥೆಗಳು ಅಲ್ಲಿಯ ಜನರನ್ನೇ ಕೇಳಿ ತಿಳಿದು ಕಂಪೆನಿಗಳ ಮೇಲೆ ಒತ್ತಾಯ ತಂದವು. ಆ್ಯಪಿಗೆ ಕ್ಯಾಲ್ಕುಲೇಟರಿನಂಥ ಸಾಮಾನ್ಯ ಚಿಹ್ನೆಯ ಮುಸುಕು ಹಾಕುವ ಏರ್ಪಾಡು, ತೆರೆಯಲು ಪ್ರತ್ಯೇಕ ಗುಪ್ತಸಂಖ್ಯೆ, ಕಳುಹಿಸಿದ ಮಾತನ್ನು ಎರಡು ಕಡೆಯಲ್ಲೂ ಅಳಿಸುವ ಸೌಲಭ್ಯ, ಇವು ವರ್ತಕರ ಔದಾರ್ಯದಿಂದ ಬಂದವಲ್ಲ. ಸೆರೆಮನೆಗೆ ಹೋದವರ ಅನುಭವದಿಂದ ಬಂದವು.

ಕಾನೂನಿನ ಭಯವಿಲ್ಲದ ದೇಶದಲ್ಲಿ ಎಲ್ಲವೂ ಕ್ಷೇಮವೆಂದೂ ಹೇಳಲಾಗದು. ಪೂರ್ವ ಲಂಡನ್ನಿನ ಬಾರ್ಕಿಂಗ್ ಎಂಬಲ್ಲಿ ಸ್ಟೀಫನ್ ಪೋರ್ಟ್ ಎಂಬ ಪಾತಕಿಯು ೨೦೧೪ರ ಜೂನಿನಿಂದ ೨೦೧೫ರ ಸೆಪ್ಟೆಂಬರಿನವರೆಗೆ, ಇಂಥ ತಾಣಗಳ ಮೂಲಕ ಪರಿಚಯವಾದ ನಾಲ್ವರು ತರುಣರನ್ನು ಮನೆಗೆ ಕರೆದು, ಮಾದಕದ್ರವ್ಯವನ್ನು ಅತಿಯಾಗಿ ಕೊಟ್ಟು ಕೊಂದನು. ಶವಗಳು ಸಿಕ್ಕಿದ್ದು ಆತನ ಮನೆಯ ಆಸುಪಾಸಿನಲ್ಲೇ. ಮೂವರದು ಒಂದೇ ಚರ್ಚಿನ ಸ್ಮಶಾನದ ಬಳಿ. ಆದರೂ ಪೊಲೀಸರು ಒಂದಕ್ಕೊಂದು ಸಂಬಂಧವನ್ನು ಕಾಣಲಿಲ್ಲ. ಮೃತರ ಬಂಧುಮಿತ್ರರು ಎಷ್ಟು ಹೇಳಿದರೂ ಕಿವಿಗೊಡಲಿಲ್ಲ. ೨೦೧೬ರ ನವೆಂಬರಿನಲ್ಲಿ ಆತನಿಗೆ ಸಾಯುವವರೆಗೆ ಸೆರೆಮನೆಯೆಂದು ತೀರ್ಪಾಯಿತು. ಪೊಲೀಸರ ತಪ್ಪುಗಳು ಕೊನೆಯ ಮೂವರ ಸಾವಿಗೆ ಬಹುಶಃ ಕಾರಣವಾದುವೆಂದು ೨೦೨೧ರ ಡಿಸೆಂಬರಿನಲ್ಲಿ ವಿಚಾರಣೆಯ ಪಂಚರು ಹೇಳಿದರು. ಮೊದಲ ಭೇಟಿಯು ಜನರಿರುವ ಕಾಫಿ ಹೋಟೆಲಿನಲ್ಲಿಯೇ ಆಗಬೇಕು, ಅಪರಿಚಿತನು ಕೈಗಿತ್ತ ಪಾನೀಯವನ್ನು ಕುಡಿಯಬಾರದು, ಎಲ್ಲಿಗೆ ಯಾರನ್ನು ಕಾಣಲು ಹೋಗುತ್ತಿರುವೆನೆಂಬುದು ಒಬ್ಬ ಮಿತ್ರನಿಗಾದರೂ ತಿಳಿದಿರಬೇಕು ಎಂದು ಅಂಥ ಭೇಟಿಗಳ ವಿಷಯದಲ್ಲಿ ಬಲ್ಲವರು ಹೇಳುವುದನ್ನು ಅಳ್ಳೆದೆಯವರ ಮಾತೆಂದು ತಳ್ಳಿಹಾಕುವವರು ಈ ಮೊಕದ್ದಮೆಯನ್ನು ಓದಬೇಕು.

ಜರ್ಮನಿಯ ಪಟ್ಟಿಗಳನ್ನು ನೆನಪಿಸುವ ಸಂಗತಿಗಳೂ ನಡೆದಿವೆ. ಬಳಕೆದಾರರು ನಂಬಿ ಬರೆದ ಎಚ್.ಐ.ವಿ. ಸ್ಥಿತಿಯ ವಿವರವು ಬೇರೆ ಎರಡು ಕಂಪೆನಿಗಳಿಗೆ ಹೋಗುತ್ತಿತ್ತೆಂದು ೨೦೧೮ರಲ್ಲಿ ಬಯಲಾಯಿತು. ೨೦೨೧ರ ಜುಲೈಯಲ್ಲಿ, ಹಣಕ್ಕೆ ಮಾರುವ ಸ್ಥಳಮಾಹಿತಿಯನ್ನು ಕೊಂಡು ಶೋಧಿಸಿದ ಪತ್ರಿಕೆಯೊಂದರಿಂದ ಅಮೆರಿಕದ ಹಿರಿಯ ಪಾದ್ರಿಯೊಬ್ಬರು ಅಧಿಕಾರವನ್ನು ಬಿಡಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಾರ್ವೆ ದೇಶವು ಸರಿಯಾದ ಸಮ್ಮತಿಯಿಲ್ಲದೆ ವಿವರಗಳನ್ನು ಜಾಹೀರಾತುದಾರರಿಗೆ ಕೊಟ್ಟುದಕ್ಕಾಗಿ ಆ ಕಂಪೆನಿಗೆ ೬೫೦ ಲಕ್ಷ ಕ್ರೋನರ್ ದಂಡ ಹಾಕಿತು. ಪತ್ರಹಾರಿಯ ಬಾಯಿ ಭದ್ರವಲ್ಲ.

ಭಾರತದಲ್ಲಿ ದೆಹಲಿಯ ಉಚ್ಚನ್ಯಾಯಾಲಯವು ೨೦೦೯ರ ಜುಲೈ ೨ರಂದು ೩೭೭ನೆಯ ಕಲಮಿನ ಹಲ್ಲನ್ನು ಕಿತ್ತಿತು. ೨೦೧೩ರ ಡಿಸೆಂಬರ್ ೧೧ರಂದು ಸುಪ್ರೀಂ ಕೋರ್ಟು ಅದನ್ನು ಮರಳಿ ಕಟ್ಟಿತು. ಮುಂದಿನ ತಿರುವಿನಲ್ಲಿ ಕನ್ನಡಿಗರೊಬ್ಬರ ಹೆಸರು ಸೇರಿಕೊಂಡಿದೆ. ಕರ್ನಾಟಕ ಉಚ್ಚನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು, ಖಾಸಗಿತನವು ಮೂಲಭೂತವಾದ ಹಕ್ಕೆಂದೂ ಯಾರನ್ನು ಒಲಿಯುವುದೆಂಬುದು ಆ ಹಕ್ಕಿನ ಒಳಗಿನದೆಂದೂ ಸಾರಿತು. ಆ ತಳಹದಿಯ ಮೇಲೆ ೨೦೧೮ರ ಸೆಪ್ಟೆಂಬರ್ ೬ರಂದು ನವತೇಜ್ ಸಿಂಗ್ ಜೋಹರ್ ಅವರ ಮೊಕದ್ದಮೆಯಲ್ಲಿ, ವಯಸ್ಕರು ಒಪ್ಪಿ ಸೇರುವುದು ಅಪರಾಧವಲ್ಲವೆಂದು ತೀರ್ಪಾಯಿತು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಆದರೆ ಕಲಮು ಹೋದರೂ ಕಸುಬು ಹೋಗಲಿಲ್ಲ. ಸುಳ್ಳು ಹೆಸರಿನಿಂದ ಪರಿಚಯ ಮಾಡಿಕೊಂಡು, ಒಂಟಿ ಮನೆಗೆ ಕರೆಸಿ, ನಾಲ್ಕು ಜನರು ನುಗ್ಗಿ ಹೊಡೆದು, ಬಟ್ಟೆ ಬಿಚ್ಚಿಸಿ ಚಿತ್ರ ತೆಗೆದು, ಮೊಬೈಲಿನಿಂದಲೇ ಹಣ ವರ್ಗಾಯಿಸಿಕೊಳ್ಳುವ ಕೂಟಗಳ ಸುದ್ದಿ ಹಲವು ನಗರಗಳ ವೃತ್ತಪತ್ರಿಕೆಗಳಲ್ಲಿ ಇಂದಿಗೂ ಬರುತ್ತಿದೆ. ಈಗ ಅವರು 'ಠಾಣೆಗೆ ಹೇಳುವೆವು' ಎನ್ನುವುದಿಲ್ಲ. 'ನಿನ್ನ ಅಪ್ಪನಿಗೆ ಕಳುಹಿಸುವೆವು' ಎನ್ನುತ್ತಾರೆ. ಸುಪ್ರೀಂ ಕೋರ್ಟಿನ ತೀರ್ಪು ಮನೆಯ ಹೊಸಲಿನ ಹೊರಗೇ ನಿಂತಿದೆ. ಆ ಬೆದರಿಕೆಗೆ ಬಲ ಕೊಡುತ್ತಿರುವವರು ವಿದ್ಯಾವಂತರೆನಿಸಿಕೊಂಡ ಮನೆಗಳ ಹಿರಿಯರೇ ಅಲ್ಲವೆ? ಬಲ್ಲವರು ಕೊಡುವ ಸಲಹೆಗಳು ಹೆಚ್ಚಿಲ್ಲ. ಭೇಟಿಗೆ ಮೊದಲು ವೀಡಿಯೋ ಕರೆಯಲ್ಲಿ ಮುಖ ನೋಡುವುದು. ಮುಖವೂ ಮನೆಯ ಗೋಡೆಯೂ ಒಟ್ಟಿಗೆ ಕಾಣುವ ಏಕಾಂತಚಿತ್ರವನ್ನು ಯಾರಿಗೂ ಕಳುಹಿಸದಿರುವುದು. ಕೆಲಸದ ಸ್ಥಳ, ಮನೆಯ ಬೀದಿ, ನಿತ್ಯಬಳಕೆಯ ನಂಬರುಗಳನ್ನು ಬೇಗ ಕೊಡದಿರುವುದು. ದೂರ ತೋರಿಸುವುದನ್ನು ನಿಲ್ಲಿಸುವುದು. ಬೆದರಿಕೆ ಬಂದರೆ ಹಣ ಕೊಡಬಾರದು, ಏಕೆಂದರೆ ಒಮ್ಮೆ ಕೊಟ್ಟವನ ಬಳಿಗೆ ಅವರು ಮರಳಿ ಬರುತ್ತಾರೆ. ಮಾತುಕತೆಯನ್ನು ಅಳಿಸದೆ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಹಣ ಹೋಗಿದ್ದರೆ ತಡಮಾಡದೆ ೧೯೩೦ಕ್ಕೆ ಫೋನು ಮಾಡಬೇಕು.

೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯು ಹಳೆಯ ದಂಡಸಂಹಿತೆಯ ಸ್ಥಾನಕ್ಕೆ ಬಂದಿದೆ. ಬೆದರಿಸಿ ಹಣ ಕೀಳುವುದು ಅದರ ೩೦೮ನೆಯ ಕಲಮಿನಲ್ಲಿ ಸೇರಿದೆ. ೩೭೭ನೆಯ ಕಲಮಿಗೆ ಸಮನಾದುದು ಅದರಲ್ಲಿಲ್ಲ. ಅದರಿಂದಾಗಿ, ೩೮೮ ಮತ್ತು ೩೮೯ರಲ್ಲಿ ಮೆಕಾಲೆಯ ಕಾಲದಿಂದ ಕುಳಿತಿದ್ದ ಆ ವಿಶೇಷ ವಾಕ್ಯವೂ ಇಲ್ಲವಾಯಿತು. ಈಗ ಸುಲಿಗೆಗೆ ಒಳಗಾದವನು ಠಾಣೆಗೆ ಹೋಗಿ, ಆ ಮನೆಗೆ ತಾನು ಯಾರನ್ನು ಕಾಣಲು ಹೋಗಿದ್ದೆನೆಂಬುದನ್ನು ದೂರಿನಲ್ಲಿ ಬರೆಸಬಹುದು. ಬರೆಸಿದ್ದಕ್ಕಾಗಿ ಅವನನ್ನು ಹಿಡಿಯುವ ಕಾನೂನು ಇಲ್ಲ.